ರಿಯಾಯಿತಿ ಕೇಳಲು ಹೋದದ್ದು

ಕೇಳುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಯ ತಟ್ಟೆ ನನ್ನನ್ನು ದಾಟಿ ಮುಂದೆ ಹೋದರೆ, ಬಡಿಸುವವನ ಬೆನ್ನು ನೋಡುತ್ತಾ ಸುಮ್ಮನೆ ಸಾರನ್ನ ಕಲಸಿಕೊಳ್ಳುವ ಆಸಾಮಿ ನಾನು. ಕ್ಷೌರದಂಗಡಿಯವನು ತಲೆಯ ಒಂದು ಪಕ್ಕವನ್ನು ಬೋಳಿಸಿದಂತೆ ಕತ್ತರಿಸಿ "ಸರಿಯಾಯ್ತಾ ಸಾರ್?" ಎಂದರೆ, "ತುಂಬಾ ಚೆನ್ನಾಗಿದೆ" ಎಂದು ಹೇಳಿ, ಇನ್ನೊಂದು ಪಕ್ಕವನ್ನು ದೇವರಿಗೆ ಬಿಟ್ಟು ಎದ್ದು ಬರುತ್ತೇನೆ. ನನ್ನ ಹೆಂಡತಿ ವಸುಧಾ ಇದನ್ನು ತವರಿನವರ ಮುಂದೆ ಸಂಕೋಚ ಎನ್ನುತ್ತಾಳೆ. ನನ್ನ ಮುಂದೆ ಬೇರೆ ಪದ ಬಳಸುತ್ತಾಳೆ. ಇಂಥ ನಾನು ಒಂದು ಸರ್ಕಾರದ ಬಳಿ ಹೋಗಿ ರಿಯಾಯಿತಿ ಕೇಳಿದೆ ಎಂದರೆ ನೀವು ನಂಬಲೇಬೇಕೆಂದಿಲ್ಲ. ವಸುಧಾ ಇನ್ನೂ ಪೂರ್ತಿ ನಂಬಿಲ್ಲ.

ಅದು ತೊಂಬತ್ತರ ದಶಕದ ಕೊನೆ. ದುಬೈನ ರಾಸ್ ಅಲ್ ಖೋರ್‌ನಲ್ಲಿ ಸಿರಿಲ್ ಸಾಹೇಬರ ಗ್ಯಾರೇಜಿನಲ್ಲಿ ನಾನು ಲೆಕ್ಕಪತ್ರ ನೋಡುತ್ತಿದ್ದೆ. ಸಾಹೇಬರು ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ಗ್ಯಾರೇಜಿನಲ್ಲಿ ಹಿಂದಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ತುಳು. ನಮ್ಮದು ಲಾರಿಗಳ ರೇಡಿಯೇಟರ್ ರಿಪೇರಿ. ದಿನವಿಡೀ ಲಾರಿಗಳನ್ನು ತಂಪು ಮಾಡುವ ಆ ತಗಡಿನ ಶೆಡ್ಡಿನಲ್ಲಿ ಮನುಷ್ಯರನ್ನು ತಂಪು ಮಾಡುವ ಏರ್ಪಾಡು ಮಾತ್ರ ಇರಲಿಲ್ಲ. ಎ.ಸಿ. ಇದ್ದದ್ದು ನನ್ನ ಗಾಜಿನ ಕೋಣೆಗೆ. ಕಂಪ್ಯೂಟರ್ ಹಾಳಾಗಬಾರದೆಂದು ಅದನ್ನು ಹಾಕಿಸಿದ್ದರು. ನಾನು ಕಂಪ್ಯೂಟರಿನ ದಾಕ್ಷಿಣ್ಯದಲ್ಲಿ ತಣ್ಣಗಿದ್ದೆ.

ಆ ಆಗಸ್ಟಿನಲ್ಲಿ ನಮ್ಮ ವೆಲ್ಡರ್ ಬಶೀರ್ ಕೆಲಸ ಮಾಡುತ್ತಾ ಮಾಡುತ್ತಾ ಕುಸಿದುಬಿದ್ದ. ಎಲ್ಲರೂ ಸೇರಿ ನನ್ನ ಕೋಣೆಗೆ ಎತ್ತಿ ತಂದು ಮಲಗಿಸಿ ನೀರು ಚಿಮುಕಿಸಿದೆವು. ಕಣ್ಣು ಬಿಟ್ಟವನು ಸುತ್ತ ನೋಡಿ, "ಇಲ್ಲಿ ಇಷ್ಟು ತಂಪಾ?" ಎಂದ. ದೂರಲಿಲ್ಲ, ಆಶ್ಚರ್ಯಪಟ್ಟ ಅಷ್ಟೆ. ಸಿರಿಲ್ ಸಾಹೇಬರು ಅಲ್ಲೇ ನಿಂತಿದ್ದರು. ಅವರ ಮುಖ ನೋಡಲು ನನಗಾಗಲಿಲ್ಲ.

ಶೆಡ್ಡಿಗೆ ದೊಡ್ಡ ಕೂಲರುಗಳನ್ನು ತರಬೇಕೆಂದು ಅವರು ಅವತ್ತೇ ನಿರ್ಧರಿಸಿದರು. ಆದರೆ ವರ್ಷದ ಲೈಸೆನ್ಸ್ ಫೀಸು ಕಟ್ಟುವ ಕಾಲವೂ ಅದೇ, ಎರಡಕ್ಕೂ ದುಡ್ಡು ಸಾಲದು. ತೆರಿಗೆಯೇ ಇಲ್ಲದ ದೇಶವೆಂದು ಊರಿನವರಿಗೆ ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು. ಫೀಸಿನ ವಿಷಯ ಹೇಳುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಸಾಹೇಬರು ಪೇಪರ್ ಹಿಡಿದು ನನ್ನ ಕೋಣೆಗೆ ಬಂದರು.

"ಮೂರ್ತಿಯವ್ರೆ, ನೋಡಿದ್ರಾ? ಸಣ್ಣ ವರ್ಕ್‌ಶಾಪಿಗೆಲ್ಲ ಫೀಸು ಕಮ್ಮಿ ಮಾಡಿದ್ದಾರಂತೆ ಅಬುಧಾಬಿಯಲ್ಲಿ. ಕೂಲರ್ ಬಂತು ಅಂತ ಲೆಕ್ಕ!"

ನಾನು ಸುದ್ದಿಯ ಕೊನೆಯ ಸಾಲನ್ನು ತೋರಿಸಿದೆ. ಅದು ಅಬುಧಾಬಿಯಲ್ಲಿ ಕೂತ ಒಕ್ಕೂಟ ಸರ್ಕಾರ ಕೊಟ್ಟ ರಿಯಾಯಿತಿ. ಅದನ್ನು ಒಪ್ಪಿಕೊಳ್ಳುವುದು ಬಿಡುವುದು ದುಬೈಯಂಥ ಒಂದೊಂದು ಎಮಿರೇಟಿನ ಇಷ್ಟ.

"ನಮ್ಮ ದುಬೈಯವ್ರು ಒಪ್ಪಿದ್ದಾರಾ?"

"ಇನ್ನೂ ಇಲ್ಲ."

"ಎಂತಕ್ಕೆ?"

"ಯಾರೂ ಕೇಳಿಲ್ಲವೇನೋ" ಎಂದೆ, ಬಾಯಿತಪ್ಪಿ.

"ಹಾಗಾದ್ರೆ ನಾವು ಕೇಳುವ" ಎಂದರು ಸಾಹೇಬರು. ಎದುರುಗಡೆಯ ಕೆಫೆಟೇರಿಯಾದಲ್ಲಿ ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಸೇರಿ ಸುಲೈಮಾನಿ ಚಹಾ ಕುಡಿದು ಒಂದು ನಿಯೋಗ ಕಟ್ಟಿದರು. ಮಾತಾಡಲು ನನ್ನನ್ನು ಆರಿಸಿದರು. ಕಾರಣ, ಆ ಬೀದಿಯಲ್ಲಿ ಟೈ ಇದ್ದದ್ದು ನನ್ನ ಹತ್ತಿರ ಮಾತ್ರ.

ದುಬೈನ ಕಚೇರಿಯಲ್ಲಿ, "ಅಬುಧಾಬಿಯಿಂದ ನಮಗೆ ಏನೂ ಬಂದಿಲ್ಲ" ಎಂದರು. ಅಬುಧಾಬಿಗೆ ಕಾರು ಓಡಿಸಿಕೊಂಡು ಹೋದೆವು. ಅಲ್ಲಿ, "ನಾವು ಕೊಟ್ಟಾಯಿತು, ಬೇಡ ಅಂದವರಾರು? ನಿಮ್ಮವರು ತೆಗೆದುಕೊಳ್ಳಬೇಕು" ಎಂದರು. ಹೆಣ್ಣಿನ ಕಡೆಯವರು ಮೊದಲು ಬರಲಿ ಎಂದು ಗಂಡಿನ ಕಡೆಯವರು, ಗಂಡಿನ ಕಡೆಯವರು ಬರಲಿ ಎಂದು ಹೆಣ್ಣಿನ ಕಡೆಯವರು ಕೂತಂತಿತ್ತು. ನಡುವೆ ದಲ್ಲಾಳಿಗಳಾಗಿ ನಾವು ಪೆಟ್ರೋಲ್ ಸುಡುತ್ತಿದ್ದೆವು. ನಿಯೋಗದವರು ಒಬ್ಬೊಬ್ಬರಾಗಿ "ಖಲಾಸ್, ಇದು ಆಗುವ ಕೆಲಸ ಅಲ್ಲ" ಎಂದು ಕಳಚಿಕೊಂಡರು. ಕೊನೆಗೆ ಉಳಿದವರು ಸಾಹೇಬರು ಮತ್ತು ನಾನು. ಅವರು ಹಠದಿಂದ ಉಳಿದರು. ನಾನು ಬರುವುದಿಲ್ಲ ಎನ್ನಲಾರದೆ ಉಳಿದೆ. ವಾರ ವಾರವೂ ದುಬೈನ ಕಚೇರಿಗೆ ಹೋಗಿ ಒಂದೇ ಸೋಫಾದಲ್ಲಿ ಕೂರುತ್ತಿದ್ದೆವು. ಕಚೇರಿಯವರು ನಮ್ಮನ್ನು ಅಲ್ಲಿಯ ನೌಕರರೇ ಎಂದುಕೊಂಡು, ಹೊಸದಾಗಿ ಬಂದವರಿಗೆ ದಾರಿ ಕೇಳಲು ನಮ್ಮ ಕಡೆ ಕೈ ತೋರಿಸತೊಡಗಿದರು.

ಅಂತೂ ದೊಡ್ಡ ಅಧಿಕಾರಿಯ ಭೇಟಿ ಸಿಕ್ಕಿತು. ಅರಬ್ಬಿಯಲ್ಲೇ ಮಾತಾಡಿದರೆ ಗೌರವವೆಂದು ಒಂದು ಭಾಷಣ ಬರೆಸಿಕೊಂಡು ಮನೆಯಲ್ಲಿ ಉರು ಹೊಡೆದೆ. ಶಾಲೆಯಲ್ಲಿ ಅರಬ್ಬಿ ಕಲಿಯುತ್ತಿದ್ದ ಮಗಳು ಸ್ವಲ್ಪ ಹೊತ್ತು ಸಹಿಸಿಕೊಂಡು, "ಅಪ್ಪಾ, ಯೂ ಸೌಂಡ್ ಲೈಕ್ ಏರ್‌ಪೋರ್ಟ್ ಅನೌನ್ಸ್‌ಮೆಂಟ್" ಎಂದಳು. ವಸುಧಾ ಒಗ್ಗರಣೆ ಹಾಕುತ್ತಲೇ, "ಪರವಾಗಿಲ್ಲ ರೀ, ಅನೌನ್ಸ್‌ಮೆಂಟಿಗೆ ಎಲ್ಲರೂ ಎದ್ದು ಓಡ್ತಾರೆ. ಅಷ್ಟಾದರೂ ಆಗ್ಲಿ" ಎಂದಳು.

ಅಧಿಕಾರಿ ವಯಸ್ಸಾದವರು, ಸೌಮ್ಯರು. ನನ್ನ ಮೊದಲನೆಯ ವಾಕ್ಯವನ್ನು ಪೂರ್ತಿ ಕೇಳಿ, ನಗುತ್ತಾ, "ಭಾಯಿ, ಹಿಂದಿ ಮೇಂ ಬೋಲೋ" ಎಂದರು. ಚಿಕ್ಕಂದಿನಲ್ಲಿ ಬೊಂಬಾಯಿಯಲ್ಲಿ ಇದ್ದವರಂತೆ. ನನ್ನ ಹಿಂದಿ ಮೈಸೂರಿನ ಶಾಲೆಯದು. ಅದು ಪರೀಕ್ಷೆ ಮುಗಿದ ದಿನವೇ ಮುಗಿದಿತ್ತು. ಅಷ್ಟರಲ್ಲಿ ಅವರೇ ಕೇಳಿದರು: ರಿಯಾಯಿತಿ ಸಿಕ್ಕರೆ ಉಳಿದ ದುಡ್ಡಿನಲ್ಲಿ ಏನು ಮಾಡುತ್ತೀರಿ?

ನನ್ನ ಭಾಷಣದಲ್ಲಿ ವ್ಯಾಪಾರದ ಅಭಿವೃದ್ಧಿ, ದೇಶದ ಪ್ರಗತಿ ಎಲ್ಲ ಇತ್ತು. ನಾನು ಜೇಬಿನಿಂದ ಭಾಷಣದ ಹಾಳೆ ತೆಗೆದು ಹುಡುಕತೊಡಗಿದೆ. ಸಿರಿಲ್ ಸಾಹೇಬರು ಮುಂದೆ ಬಾಗಿ, "ಕೂಲರ್, ಸಾಬ್. ಮೇರಾ ಆದ್ಮೀ ಗರ್ಮೀ ಮೇಂ ಗಿರ್ ಗಯಾ" ಎಂದರು. ನಮ್ಮವನೊಬ್ಬ ಸೆಖೆಗೆ ಕುಸಿದುಬಿದ್ದ ಎಂದು, ಅಷ್ಟೆ. ಅಧಿಕಾರಿ ತಾವೇ ನಮಗೆ ಗಾವಾ, ಅಂದರೆ ಅರಬ್ಬಿ ಕಾಫಿ, ಬಗ್ಗಿಸಿಕೊಟ್ಟರು. ನೋಡೋಣ ಎಂದರು.

ಹಿಂದಿರುಗುವಾಗ ಸಾಹೇಬರು ಕಾರನ್ನು ನೇರ ಅಂಗಡಿಗೆ ತಿರುಗಿಸಿ ಕೂಲರುಗಳನ್ನು ಕೊಂಡರು. "ಇನ್ನೂ ರಿಯಾಯಿತಿ ಬಂದಿಲ್ಲವಲ್ಲ ಸಾರ್" ಎಂದೆ. "ಅಲ್ಲ ಮಾರಾಯ್ರೆ, ಅಷ್ಟು ದೊಡ್ಡ ಮನುಷ್ಯನ ಎದುರು ಹೇಳಿ ಆಯ್ತಲ್ಲ. ಇನ್ನು ತರದಿದ್ರೆ ಸುಳ್ಳು ಹೇಳಿದ ಹಾಗೆ ಆಗ್ತದೆ" ಎಂದರು. ಮರುದಿನ ಬಶೀರ್ ಕೂಲರಿನ ಮುಂದೆ ಅಂಗಿ ಬಿಚ್ಚಿ ನಿಂತು ಕಣ್ಣು ಮುಚ್ಚಿಕೊಂಡ.

ಚಳಿಗಾಲ ಬರುವ ಹೊತ್ತಿಗೆ ದುಬೈ ಆ ರಿಯಾಯಿತಿಯನ್ನು ಒಪ್ಪಿಕೊಂಡಿತು. ಕಳಚಿಕೊಂಡಿದ್ದ ನಿಯೋಗದವರೆಲ್ಲ ಲಡ್ಡು ತಂದು, ತಾವು ಹೇಗೆ ಹೋರಾಡಿದೆವೆಂದು ನಮಗೇ ವಿವರಿಸಿದರು. ಸಂಭ್ರಮ ಮುಗಿದ ಮೇಲೆ ನಾನು ನಿಯಮಗಳನ್ನು ಓದಿದೆ. ಹತ್ತು ಮಂದಿಗೆ ಮೀರದ ನೌಕರರಿರುವ ವರ್ಕ್‌ಶಾಪುಗಳಿಗೆ ಮಾತ್ರ. ನಾವು ಹನ್ನೊಂದು. ಹತ್ತು ಜನ ರೇಡಿಯೇಟರಿನ ಕೆಲಸದವರು. ಮಿಕ್ಕವನು ನಾನು.

ಮನೆಯಲ್ಲಿ ಹೇಳಿದೆ. ವಸುಧಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ಏನ್ರೀ, ಇಷ್ಟು ದಿನ ಟೈ ಕಟ್ಟಿಕೊಂಡು ಓಡಾಡಿದ್ದು ನಿಮ್ಮ ಕೆಲಸ ತೆಗೆಸಿಕೊಳ್ಳೋದಕ್ಕಾ?" ಎಂದಳು. ಅವಳು ನಗುತ್ತಿರಲಿಲ್ಲ. ಮಗಳ ಶಾಲೆ, ನಮ್ಮ ವೀಸಾ, ಎಲ್ಲವೂ ಆ ಹನ್ನೊಂದನೆಯ ಸ್ಥಾನಕ್ಕೇ ಗಂಟು ಬಿದ್ದಿದ್ದವು.

ಮರುದಿನ ಸಾಹೇಬರು ನಿಯಮವನ್ನು ಓದಿ ಹಾಳೆ ಮಡಿಚಿಟ್ಟು, "ಹೊರಡಿ, ಮಿತಿ ಏರಿಸ್ಲಿಕ್ಕೆ ಕೇಳುವ" ಎಂದರು.

ಅದೇ ಕಚೇರಿ, ಅದೇ ಅಧಿಕಾರಿ. ಪರರಿಗಾಗಿ ಕೇಳುವಾಗ ಬಾಯಿಗೇ ಬಾರದಿದ್ದ ನನ್ನ ಹಿಂದಿ ಅವತ್ತು ಧಾರಾಳವಾಗಿ ಹರಿಯಿತು. ಹನ್ನೊಂದನೆಯ ನೌಕರನೆಂದರೆ ಉದ್ಯಮದ ಬೆನ್ನೆಲುಬು ಎಂಬ ಅರ್ಥ ಬರುವಂತೆ ಏನೇನೋ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ನನ್ನನ್ನು ಬಿಟ್ಟು ಸಾಹೇಬರ ಕಡೆ ತಿರುಗಿದರು. ಆ ಒಬ್ಬ ಮನುಷ್ಯ ಇಲ್ಲದೆ ನಿಮ್ಮ ಗ್ಯಾರೇಜ್ ನಡೆಯುವುದಿಲ್ಲವೇ?

ಸಿರಿಲ್ ಸಾಹೇಬರು ನನ್ನನ್ನು ನೋಡಿದರು. ಚಾವಣಿ ನೋಡಿದರು. ಗಾವಾದ ಲೋಟ ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟರು. ಆಮೇಲೆ, "ನಹೀಂ ಚಲೇಗಾ, ಸಾಬ್" ಎಂದರು.

ಕೆಲವು ತಿಂಗಳಲ್ಲಿ ಮಿತಿ ಏರಿತು. ರಿಯಾಯಿತಿ ಸಿಕ್ಕಿತು, ಕೆಲಸವೂ ಉಳಿಯಿತು. ದೂರುವುದಕ್ಕೆ ಏನೂ ಇಲ್ಲ. ಆದರೂ ಒಂದು ಮಾತು. ಆ ಉತ್ತರ ಹೇಳಲು ಅವರು ಅಷ್ಟು ಹೊತ್ತು ತೆಗೆದುಕೊಳ್ಳಬೇಕಾಗಿರಲಿಲ್ಲ.