ಗ್ರಂಥಾಲಯದ ಬಾಗಿಲಲ್ಲಿ ನಗುತ್ತಿರುವ ನನ್ನ ಭಾವಚಿತ್ರದವರಿಗೆ

ಮಾನ್ಯ ಭಾವಚಿತ್ರದವರೇ,

ಓಹಾಯೋದ ನಮ್ಮ ಕಾಲೇಜಿನ ಗ್ರಂಥಾಲಯದ ಬಾಗಿಲಲ್ಲಿ, 'ಇದು ನಿಮ್ಮದೇ ಮನೆ' ಎಂಬ ದಪ್ಪಕ್ಷರದ ಕೆಳಗೆ ಹನ್ನೆರಡಡಿ ಎತ್ತರಕ್ಕೆ ಹಲ್ಲುಬಿಟ್ಟು ನಿಂತಿರುವ ತಮ್ಮ ಸನ್ನಿಧಾನಕ್ಕೆ, ತಮ್ಮ ಮೂಲಪ್ರತಿಯೂ ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿಯೂ ಆದ ಲವೀನಿಯಾ ಟಿಲ್‌ಮನ್ ಮಾಡುವ ವಂದನೆಗಳು.

ತಮ್ಮ ಏಳಿಗೆ ಕಂಡು ನನಗೆ ಹೊಟ್ಟೆಕಿಚ್ಚಿಲ್ಲವೆಂದರೆ ಸುಳ್ಳಾದೀತು. ನಾನು ಜನ್ಮದಲ್ಲಿ ಮುಟ್ಟದ ಪ್ರಯೋಗಶಾಲೆಯ ಬಣ್ಣದ ನೀರಿನ ಸೀಸೆಯೊಂದನ್ನು ಕೈಗೆ ತುರುಕಿ, "ನಗಮ್ಮಾ, ಇನ್ನೂ ಸ್ವಲ್ಪ" ಎಂದು ಛಾಯಾಗ್ರಾಹಕರು ಗೋಗರೆದ ದಿನ ತಾವು ಹುಟ್ಟಿದಿರಿ. ತರಗತಿಯ ನಲವತ್ತು ಜನರಲ್ಲಿ ಕಪ್ಪು ಹುಡುಗಿ ನಾನೊಬ್ಬಳೇ ಆದ್ದರಿಂದ ಆಯ್ಕೆ ಕಷ್ಟವಾಗಲಿಲ್ಲವಂತೆ.

ಕಳೆದ ತಿಂಗಳು ಇದೇ ಕಟ್ಟಡದ ಮೇಲಂತಸ್ತಿನಲ್ಲಿ ನನ್ನ ಪರೀಕ್ಷೆಯಿದ್ದ ಬೆಳಿಗ್ಗೆ, ಕಾವಲುಗಾರ ಗ್ರೋವರ್ ಅವರು ನನ್ನ ಮುಂದಿದ್ದ ಆರು ಜನರಿಗೆ ನಗುತ್ತಲೇ ಬಾಗಿಲು ತೆರೆದು, ನನಗೆ ಮಾತ್ರ ಗುರುತಿನ ಚೀಟಿ ಕೇಳಿ, ಅದರಲ್ಲಿ ನಾನು ನಗುತ್ತಿಲ್ಲವಲ್ಲ ಎಂದು ಶಂಕಿಸಿ ಕಚೇರಿಗೆ ಫೋನು ಹಚ್ಚಿದರು. ನಾನು ತಮ್ಮತ್ತ ಬೆರಳು ತೋರಿಸಿದೆ. ಅವರು ಗೋಡೆಯ ಮೇಲಿನ ತಮ್ಮನ್ನೂ ನೋಡಿದರು, ಕೆಳಗೆ ನಿಂತ ನನ್ನನ್ನೂ ನೋಡಿದರು. "ಆ ಹುಡುಗೀನಾ? ದಿನಾ ನೋಡ್ತೀನಲ್ಲಮ್ಮ, ಬಂಗಾರದಂಥ ಹುಡುಗಿ! ಅದಿರ್ಲಿ, ನೀನ್ಯಾರು?" ಎಂದರು.

ಕೊನೆಗೆ, ನನಗೆಂದು ದಿನವೂ ಬ್ರೆಡ್ಡಿನ ಗರಿಗರಿ ಅಂಚು ಎತ್ತಿಡುವ ಕ್ಯಾಂಟೀನಿನ ಅರ್ಲೀನಮ್ಮ ಕೈಯಲ್ಲಿ ಸೌಟು ಹಿಡಿದೇ ಓಡಿಬಂದು, "ಲೋ, ಕಣ್ಣೇನು ಜೇಬಲ್ಲಿಟ್ಕೊಂಡಿದೀಯಾ? ಇವಳು ನಮ್ಮ ವೀನಿ ಕಣೋ! ಓಡೇ ಮಗಳೇ!" ಎಂದು ಬಿಡಿಸಿದರು. ಅಷ್ಟರಲ್ಲಿ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು. ಆ ಪರೀಕ್ಷೆ ಬರೆಯದೆ ಮೂರನೇ ವರ್ಷಕ್ಕೆ ಕಾಲಿಡುವಂತಿಲ್ಲ.

ಕಾಲೇಜಿನವರೇನೂ ಕೈಕಟ್ಟಿ ಕೂರಲಿಲ್ಲ. 'ಎಲ್ಲರೂ ನಮ್ಮವರು' ಸಮಿತಿ ಮೂರು ಸಲ ಸಭೆ ಸೇರಿ, ಪ್ರಾಯಶ್ಚಿತ್ತದ ರೂಪದಲ್ಲಿ, ತಮ್ಮನ್ನು ಎಂಟಡಿಯಿಂದ ಹನ್ನೆರಡಡಿಗೆ ಹಿಗ್ಗಿಸಿತು. ನನ್ನ ಮರುಪರೀಕ್ಷೆಯ ಅರ್ಜಿ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ.

ಆದ್ದರಿಂದ ತಾವು ದಯಮಾಡಿ ಗೋಡೆಯಿಂದಿಳಿದು, ಸೋಮವಾರ ನನ್ನ ಪರವಾಗಿ ಕಚೇರಿಗೆ ಹೋಗಿಬರಬೇಕು. ತಮ್ಮ ಮಾತು ತೆಗೆದುಹಾಕುವ ಧೈರ್ಯ ಇಲ್ಲಿ ಯಾರಿಗಿದೆ? ಅಷ್ಟು ಹೊತ್ತು ನಾನು ಸೀಸೆ ಹಿಡಿದು ತಮ್ಮ ಜಾಗದಲ್ಲಿ ನಿಲ್ಲುತ್ತೇನೆ. ನಗು ಮಾತ್ರ ಕೇಳಬೇಡಿ. ಉತ್ತರವೆಲ್ಲ ಗೊತ್ತಿದ್ದೂ ಬರೆಯಲಾಗದೆ ಬಂದದ್ದನ್ನು ನಾನಿನ್ನೂ ಮರೆತಿಲ್ಲ.

ನಗದಿರುವಾಗಲೂ ತಮ್ಮ ವಿಶ್ವಾಸಿ,
ಲವೀನಿಯಾ ಟಿಲ್‌ಮನ್

ಮರೆತ ಮಾತು: ಮೊನ್ನೆ ಗಾಳಿಗೆ ತಮ್ಮ ಎಡಮೂಲೆ ಕಿತ್ತುಬಂದಾಗ ಗ್ರೋವರ್ ಅವರು ಹತ್ತೇ ನಿಮಿಷದಲ್ಲಿ ಏಣಿ ತಂದು ಅಂಟಿಸಿದರು. ಏಣಿ ಅಲುಗದಂತೆ ಹಿಡಿದುಕೊಂಡವಳು ನಾನು. ಇಳಿದು ಬಂದು, "ಥ್ಯಾಂಕ್ಸ್ ಕಣಮ್ಮ" ಎಂದರು. ಆಮೇಲೆ ಗುರುತಿನ ಚೀಟಿ ಕೇಳಿದರು.