ಮನೆಗೆ ಕಾಲು ಕೊಟ್ಟ ಮಡಿವಾಳಪ್ಪ

"ನಿನ್ನ ಮನಿ ಸರಿಸ್ತೀಯೋ, ನಾನ ಒಡೀಲ್ಯೋ?"

ಪಕ್ಕದ ಹಿತ್ತಲಿನ ಕೆರಿಯಪ್ಪ ಗುದ್ದಲಿ ಹಿಡಿದು ಗೋಡೆಗೆ ಮುಖ ಕೊಟ್ಟು ನಿಂತಿದ್ದ.

"ಮುಟ್ಟಿ ನೋಡು, ಕೈ ಮುರೀತೇನಿ," ಎಂದ ಮಡಿವಾಳಪ್ಪ. "ಮನಿ ಏನು ಎತ್ತೇನು, ಹಗ್ಗ ಹರಕೊಂಡು ನಿನ್ನ ಹಿತ್ತಲಕ್ಕ ನುಗ್ಗಾಕ?"

"ಬಾಂದುಕಲ್ಲು ನೋಡು. ಆಮ್ಯಾಲೆ ಬಾಯಿ ತಗಿ."

ಅರವತ್ತೇಳರ ಚಳಿಗಾಲ. ಅಂದು ಬೆಳಗಿನ ಜಾವ ನೆಲ ನಡುಗಿತ್ತು. ಬನವಾಸಿ ಕಡೆಯ ಆ ಊರಿನಲ್ಲಿ ಗೋಡೆ ಬಿರಿಯದ ಮನೆ ಇರಲಿಲ್ಲ. ಮಠದ ಗಂಟೆ ತಾನಾಗಿ ಬಡಿದುಕೊಂಡಿತು. ಕೆರೆಯಂಚಿನ ಮಡಿವಾಳಪ್ಪನ ಹೊಸ ಮನೆಯಲ್ಲಿ ಮಾತ್ರ ಕೊಡದ ನೀರೂ ತುಳುಕಲಿಲ್ಲ. ನೆಲದಡಿಯಲ್ಲಿ ಯಾರೋ ನರಳುತ್ತ ಮಗ್ಗುಲು ಬದಲಿಸಿದಂತೆ ಒಂದು ಸದ್ದು, ಅಷ್ಟೇ. ಆಮೇಲೆ ನಾಯಿ ಬೊಗಳಲಿಲ್ಲ, ಕಾಗೆ ಕೂಗಲಿಲ್ಲ.

ಬೆಳಕು ಹರಿದಾಗ ಅರ್ಧ ಮನೆ ದಿಬ್ಬದ ಕಡೆಗೆ, ಕೆರಿಯಪ್ಪನ ಜಾಗದಲ್ಲಿತ್ತು. ಗಡಿಗೆಂದು ಮನೆಯ ಆಚೆಗೊಂದು ಈಚೆಗೊಂದು ನೆಟ್ಟಿದ್ದ ಬಾಂದುಕಲ್ಲುಗಳಿಗೆ ಹಗ್ಗ ಕಟ್ಟಿ ಎಳೆದರೆ, ಅದು ಒಂದು ಕಿಟಕಿಯಿಂದ ಒಳಹೊಕ್ಕು, ಮಡಿವಾಳಪ್ಪನ ಮಂಚ ದಾಟಿ, ಇನ್ನೊಂದು ಕಿಟಕಿಯಿಂದ ಹೊರಬಿತ್ತು. ಅವನ ತಲೆದಿಂಬು ಕೆರಿಯಪ್ಪನ ಪಾಲು, ಕಾಲ್ದೆಸೆ ತನ್ನ ಪಾಲು.

ಮಠದ ಸಂಗಯ್ಯ ಬಂದು ಕಲ್ಲು ತಡವಿದ. ಮೇಲಿನ ಕುಂಕುಮ ಅಳಿಸಿರಲಿಲ್ಲ, ಬುಡದ ಹುಲ್ಲು ಬಾಗಿರಲಿಲ್ಲ. ಬಾಂದುಕಲ್ಲು ಸರಿಸಿದವನ ವಂಶ ಉಳಿಯುವುದಿಲ್ಲ. ಸರಿದಿದೆ ಎನ್ನುವುದೂ ಆ ಊರಲ್ಲಿ ಬಾಯಲ್ಲಿ ಬರಬಾರದ ಮಾತು. ಪಾಯ ತೆಗೆಯುವ ದಿನ ಇಬ್ಬರೂ ಅದೇ ಕಲ್ಲಿಗೆ ಅರಿಶಿನದ ನೀರೆರೆದು ಆಣೆ ಮಾಡಿದ್ದರು. ಕಲ್ಲು ಸರಿದಿಲ್ಲ ಅಂದಮೇಲೆ ಮನೆಯೇ ಸರಿದಿದೆ. ಹೊತ್ತು ಮುಳುಗುವುದರೊಳಗೆ ಗಡಿ ದಾಟಿದ ಗೋಡೆ ಒಡೆಯಬೇಕು ಎಂದು ತೀರ್ಪಾಯಿತು.

"ಕೆಸರಾಗ ಮತ್ತಿ ಮರದ ಕಂಬ ಹೊಡದು ಮನಿಗೆ ಕಾಲು ಕೊಟ್ಟಾಂವ ನೀನ," ಎಂದಳು ಎದುರುಮನೆಯ ಪಾರ್ವತವ್ವ. "ಕಾಲು ಕೊಟ್ಟ ಮ್ಯಾಲೆ ನಡೀದ ಏನು ಮಾಡ್ತೈತಿ?"

ಆ ಮಾತು ಊರೆಲ್ಲ ಹರಡಿತು. ಮನೆಯ ಮುಂದೆ ಹಾಯಲು ಎಮ್ಮೆಗಳೂ ಒಲ್ಲೆನೆಂದವು. ಒಬ್ಬ ಮುದುಕ ದೂರದಿಂದಲೇ ಮನೆಗೆ ಕೈಮುಗಿದು, ದಾರಿ ಬಿಡಪ್ಪಾ ಎಂದು ಬೇಡಿಕೊಂಡ.

ಹೆದರದವಳು ಮಡಿವಾಳಪ್ಪನ ಹೆಂಡತಿ ಗುರುಶಾಂತವ್ವ ಒಬ್ಬಳೇ. ಹೊಸ್ತಿಲಿಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. "ಕೆರಿಗೆ ಅಂಜಿ ಮನಿ ನಮ್ಮನ್ನ ಹೊತ್ಕೊಂಡು ದಿಬ್ಬದ ಕಡೆ ಬಂದೈತಿ, ತಾಯಿ ಕೂಸು ಎತ್ಕೊಂಡಂಗ. ಒಂದು ಗ್ವಾಡಿ ಹೋದ್ರ ಹೋಗ್ಲಿ ಬಿಡ್ರಿ."

ಅವಳ ಮಾತು ಕೇಳಿ ಸುಮ್ಮನಿದ್ದಿದ್ದರೆ ಮಡಿವಾಳಪ್ಪನ ಬಾಳು ನೆಟ್ಟಗಿರುತ್ತಿತ್ತು. ನಡೆಯುವ ಮನೆ ಕಟ್ಟಿದವನು ಅನ್ನಿಸಿಕೊಳ್ಳಲು ಅವನ ಸಿಟ್ಟು ಬಿಡಬೇಕಲ್ಲ. ಹೆಂಡತಿಗೆ ಬೈದು, ಬಸ್ಸು ಹತ್ತಿ ಶಿರಸಿಗೆ ಹೋಗಿ, ಕಂಬ ಹೊಡೆಸಿದ್ದ ಓವರ್ಸಿಯರ್ ಸೀತಾರಾಮ ಹೆಗಡೆಯನ್ನು ಊಟದ ಎಲೆಯಿಂದ ಎಬ್ಬಿಸಿಕೊಂಡು ಬಂದ.

ಹೆಗಡೆ ಮನೆ ಸುತ್ತಿ, ಕೆರೆಯ ಬದಿಗೆ ಅಗೆಸಿದ. ಕಂಬದ ಬೆನ್ನಿಗೆ ಮಣ್ಣು ಬಿಟ್ಟುಕೊಂಡು ಕಪ್ಪನೆಯ ಸಂದು ಬಾಯ್ತೆರೆದಿತ್ತು. ಒಳಗಿನಿಂದ ತಣ್ಣನೆಯ ಉಸಿರು ಬಂತು. ಬಗ್ಗಿದ್ದವರೆಲ್ಲ ಹಿಂದೆ ಸರಿದರು.

"ಎಂತ ಜಗಳ ಮಾರಾಯ್ರೆ ಇದು," ಎಂದ ಹೆಗಡೆ. "ಮೇಲಿನ ಹೂಳು ಕೆರೆ ಕಡೆ ಜಾರಿದೆ. ಕಂಬದ ಬುಡ ಕೆಳಗೆ ಚಿರೆಕಲ್ಲಿನಲ್ಲಿ ಕಚ್ಚಿ ಕೂತಿದೆ, ತಲೆಗಳನ್ನೆಲ್ಲ ತೊಲೆ ಹಾಕಿ ಒಟ್ಟಿಗೆ ಬಿಗಿದದ್ದು. ಮಣ್ಣು ಅಡ್ಡಕ್ಕೆ ತಳ್ಳಿದಾಗ ಒಂದಕ್ಕೊಂದು ಆತುಕೊಂಡು, ತುಸು ಬಾಗಿ, ತಡೆದವು. ಮಣ್ಣು ಕಂಬಗಳ ನಡುವೆ ನುಸುಳಿ ಹೋಯಿತು. ನಿಮ್ಮ ಕಲ್ಲು ಮಣ್ಣಿನ ಸಂಗಡ ಹೋಗಿದೆ. ಮನೆ ಇದ್ದಲ್ಲೇ ಇದೆ."

ಕಲ್ಲನ್ನು ಭೂಮಿತಾಯಿಯೇ ಒಯ್ದಿದ್ದರೆ ಪಾಪ ಯಾರಿಗೂ ಇಲ್ಲ ಎಂದು ಸಂಗಯ್ಯ ಒಪ್ಪಿದ. ಗೋಡೆ ಉಳಿಯಿತು. ಕೆರಿಯಪ್ಪ ಗುದ್ದಲಿ ಹೆಗಲಿಗೇರಿಸಿ ಹೊರಟ.

ಮಡಿವಾಳಪ್ಪ ಕಾಳಗ ಗೆದ್ದ ಹುಂಜದಂತೆ ಕತ್ತೆತ್ತಿ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ನನ್ನ ಮನಿ ಗೇಣೂ ಕದಲಿಲ್ಲ. ಸರದದ್ದು ನೆಲ."

ಗುರುಶಾಂತವ್ವ ಸಂದಿನ ಬಳಿ ಕುಕ್ಕರುಗಾಲಲ್ಲಿ ಕೂತು ಒಂದು ಹರಳು ಹಾಕಿದಳು. ಕಿವಿಗೊಟ್ಟಳು. ಬಿದ್ದ ಸದ್ದು ಬರಲಿಲ್ಲ.

ಎದ್ದು ಒಳಗೆ ಹೋಗಿ ಸೀರೆಯ ಗಂಟು ಕಂಕುಳಲ್ಲಿಟ್ಟುಕೊಂಡು ಬಂದಳು.

"ಮನಿ ನಡದ್ರ ಜೋಡಿ ನಡೀತಿದ್ದೆ. ಭೂಮಿತಾಯೇ ಈ ಮನಿ ಬಿಟ್ಟು ಎದ್ದು ಹೋಗ್ಯಾಳಂತ ನೀವ ತೋರ್ಸಿದ್ರಿ. ಆಕಿ ನಿಲ್ಲದ ಮನ್ಯಾಗ ನಾ ಹೆಂಗ ನಿಲ್ಲಲಿ?"

ಕಿಟಕಿಯಿಂದ ಜೋತಿದ್ದ ಹಗ್ಗವನ್ನು ದಾಟಿ, ದಿಬ್ಬ ಹತ್ತಿ, ಹುಲಗೋಳದ ತವರಿನ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ತಿರುಗಿ ಬರಲೂ ಇಲ್ಲ.