ನಿನ್ನಿ ಏನು ಉಂಡ್ರಿ?

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸಕ್ಕೆ ಒಪ್ಪಿಕೊಂಡವರಿಗೆ ನಗೆಪಾಟಲು ತಪ್ಪಿದ್ದಲ್ಲ. ನಾನು ಸುರಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಕೆ. ಹೋದ ವರ್ಷ ಬೇಸಿಗೆ ರಜೆಯಲ್ಲಿ ಹಾಲೆಂಡಿನಿಂದ ಒಬ್ಬ ವಿದ್ಯಾರ್ಥಿನಿ ಬಂದಳು. ನಮ್ಮ ಕಡೆಯ ಜನ ಏನು ಉಣ್ಣುತ್ತಾರೆ, ಯಾಕೆ ಉಣ್ಣುತ್ತಾರೆ, ಯಾರ ಪಕ್ಕ ಕೂತು ಉಣ್ಣುತ್ತಾರೆ ಎಂಬುದೇ ಅವಳ ಓದು. ಆಹಾರ ಸಂಸ್ಕೃತಿ, ಆಹಾರ ರಾಜಕೀಯ ಅಂತ ಅದಕ್ಕೆ ಹೆಸರು. ಆರು ವಾರದಲ್ಲಿ ಮಾಹಿತಿ ಕೂಡಿಸಿಕೊಂಡು ಹೋಗದಿದ್ದರೆ ಪದವಿಗೇ ಸಂಚಕಾರ. ನಮ್ಮ ಮಹಡಿ ಕೋಣೆ ಖಾಲಿ ಇತ್ತು, ನನಗೆ ಇಂಗ್ಲಿಷ್ ಬರುತ್ತಿತ್ತು. ಹೀಗಾಗಿ ಅವಳ ವಸತಿಯೂ ನಮ್ಮಲ್ಲೇ, ದುಭಾಷಿಯೂ ನಾನೇ.

ಎರಡು ದಿನದ ಉಪವಾಸ

ಮೊದಲ ಮನೆ ದೇವಾಪುರದಲ್ಲಿ. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ವಿದ್ಯಾರ್ಥಿನಿ ನೋಟ್‌ಬುಕ್ ತೆಗೆದು ತನ್ನ ಮೊದಲ ಪ್ರಶ್ನೆ ಕೇಳಿದಳು. ನಾನು ಕನ್ನಡ ಮಾಡಿದೆ.

"ಅಜ್ಜಿ, ನಿನ್ನಿ ಏನು ಉಂಡ್ರಿ?"

ಅಜ್ಜಿ ನೋಟ್‌ಬುಕ್ ನೋಡಿದಳು. "ನಿನ್ನಿ ಏನೂ ಉಂಡಿಲ್ರಿ."

"ಮೊನ್ನಿ?"

"ಮೊನ್ನಿನೂ ಇಲ್ಲ."

ವಿದ್ಯಾರ್ಥಿನಿಯ ಕಣ್ಣಲ್ಲಿ ನೀರೇ ಬಂತು. ಒಳಗಿಂದ ಮಾತ್ರ ಪಟಪಟ ರೊಟ್ಟಿ ಬಡಿಯುವ ಸಪ್ಪಳ, ಪುಂಡಿ ಪಲ್ಯದ ಘಮಲು. ನನಗೆ ಅನುಮಾನ ಬಂದು, "ಅಜ್ಜಿ, ನಾವು ರೇಶನ್ ಕಾರ್ಡ್ ಚೆಕ್ ಮಾಡೋರಲ್ಲ. ಈಕಿ ಓದಾಕ ಬಂದಾಳ" ಅಂದೆ.

"ಅಯ್ಯ, ಮೊದಲ ಹೇಳಬಾರದೇನ್ರಿ!" ಅಜ್ಜಿ ಎದ್ದೇ ನಿಂತಳು. "ಏ, ಇನ್ನ ಎರಡು ತಾಟು ಹಚ್ಚು" ಅಂತ ಸೊಸೆಗೆ ಕೂಗಿದಳು.

ನಮಗೆ ಮೂರು ಮೂರು ರೊಟ್ಟಿ ಬಲವಂತ ಮಾಡಿ ಉಣಿಸಿ, ಹೊರಡುವಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ನಿನ್ನಿ ಉಂಡೀನಿ, ಮೊನ್ನಿನೂ ಉಂಡೀನಿ, ಬರಕೊಳ್ರಿ. ಆದ್ರ ಪೆನ್ಸಿಲ್‌ನಾಗ ಬರೀರಿ."

ಅನ್ನ ಊಟ ಅಲ್ಲ

ಶಹಾಪುರದ ಕಡೆ ಕಾಲುವೆ ದಂಡೆಯ ಗದ್ದೆಯಲ್ಲಿ ಒಬ್ಬ ರೈತ ಬೇವಿನ ಮರದ ನೆರಳಿಗೆ ಕೂತಿದ್ದ. ಆಗಷ್ಟೇ ಡಬ್ಬಿ ಮುಚ್ಚಿದ್ದ. ಮೀಸೆಯಲ್ಲಿ ಎರಡು ಅಗುಳು ಇನ್ನೂ ಇದ್ದವು.

"ಊಟ ಆತೇನ್ರಿ?" ಅಂದೆ.

"ಇಲ್ರಿ, ಎಲ್ಲಿ ಊಟ."

"ಮತ್ತ ಈಗ ಉಂಡಿದ್ದು?"

"ಅದು ಅನ್ನ ರೀ. ಮನಿಯಾಗ ಹಿಟ್ಟು ಮುಗದಿತ್ತು, ಅನ್ನ ಕಟ್ಟ್ಯಾಳ. ಜ್ವಾಳದ ರೊಟ್ಟಿ ತಿಂದ್ರ ಊಟ."

ಸುತ್ತ ಕಣ್ಣು ಹಾಯಿಸಿದಷ್ಟು ದೂರ ಭತ್ತ, ಅದೂ ಅವನದೇ. ವಿದ್ಯಾರ್ಥಿನಿಗೆ ತಲೆ ಕೆಟ್ಟಿತು. ಹಾಗಾದರೆ ಭತ್ತ ಯಾಕೆ ಬೆಳೆಯುತ್ತೀರಿ ಅಂತ ಕೇಳಿಸಿದಳು.

"ಬ್ಯಾರೆ ಕಡಿ ಜನ ಇರ್ತಾರಲ್ರಿ," ಅಂದ ಆತ, ಕನಿಕರದಿಂದಲೇ. "ಊಟ ಅಂದ್ರ ಏನಂತ ಗೊತ್ತಿರಲಾರದವ್ರು."

ಭೂಮಿಯ ಕೇಸು

ವಿದ್ಯಾರ್ಥಿನಿ ಮಾಂಸ, ಮೀನು ತಿನ್ನುತ್ತಿರಲಿಲ್ಲ. ಹಾಲು, ಮೊಸರು, ತುಪ್ಪವೂ ಇಲ್ಲ. ಇದನ್ನು ನಾನು ಕೃಷ್ಣಾ ದಂಡೆಯ ಒಂದು ಮೀನುಗಾರರ ಮನೆಯಲ್ಲಿ ತಿಳಿಸಿ ಹೇಳಬೇಕಾಯಿತು. ಮನೆಯಾಕೆ ಆಗಷ್ಟೇ ಮೀನಿನ ಸಾರು ಇಳಿಸಿದ್ದಳು.

"ಮೀನ ಬ್ಯಾಡ. ಆಗಲಿ, ಮಜ್ಜಿಗಿ ಕುಡೀರಿ."

"ಮಜ್ಜಿಗಿನೂ ಕುಡಿಯಂಗಿಲ್ರಿ ಈಕಿ."

"ಅವ್ವ! ಇಷ್ಟ ಕಠಿಣ ಹರಕಿ? ಯಾತಕ್ಕ ಹೊತ್ತಾಳ್ರಿ?"

ನಾನು ಕೇಳಿ ಹೇಳಿದೆ: "ದೇವರಿಗಲ್ಲಂತ. ಭೂಮಿ ಸಲುವಾಗಿ ಬಿಟ್ಟಾಳಂತ."

ಆಕೆಯ ಮುಖ ಒಮ್ಮೆಲೇ ಇಳಿಯಿತು. ಹತ್ತಿರ ಸರಿದು ವಿದ್ಯಾರ್ಥಿನಿಯ ಕೈ ಹಿಡಿದಳು. "ನಿಮ್ಮ ಕಡಿನೂ ಇದೇ ಹಣೇಬರಹ ಏನ್ ತಂಗಿ? ಎಷ್ಟ ಎಕರೆ? ಅಣ್ತಮ್ಮರು ಹಾಕ್ಯಾರೇನು ಕೇಸು?"

ನಾನು ಬಿಡಿಸಿ ಹೇಳುವಷ್ಟರಲ್ಲಿ ಆಕೆ ಒಂದು ತೆಂಗಿನಕಾಯಿ ತಂದು, ಕೇಸು ಗೆದ್ದರೆ ಒಡೆಸುತ್ತೇನೆಂದು ದೇವರ ಜಗಲಿ ಮೇಲೆ ಇಟ್ಟಾಗಿತ್ತು. ಆಮೇಲೆ ಎರಡು ಸಲ ಆ ಊರಿಗೆ ಹೋದೆವು. ಎರಡೂ ಸಲ ಆಕೆಯ ಗಂಡ ಬಲೆ ಬಿಡಿಸುವುದು ಬಿಟ್ಟು ಎದ್ದು ಬಂದು ಕೇಳಿದ: "ಭೂಮಿದು ಏನಾತ್ರಿ?"

ವಿದ್ಯಾರ್ಥಿನಿಗೆ ಪ್ರಶ್ನೆ ದಾಟಿಸಿದೆ. ಆಕೆ ನಿಟ್ಟುಸಿರು ಬಿಟ್ಟು, "ಪರಿಸ್ಥಿತಿ ಬಹಳ ಕೆಟ್ಟಿದೆ" ಅಂದಳು.

"ವಕೀಲನ್ನ ಬದಲಿ ಮಾಡ್ರಿ," ಅಂದ ಆತ.

ಬಿರಿಯಾನಿ

ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು, ಅವಳದು ಹಾಲಿಲ್ಲದ್ದು. ಪಕ್ಕದ ಟೇಬಲಿನ ಬಿಳಿ ಅಂಗಿಯವರು ತಾವೇ ಮಾತಿಗೆ ಬಂದರು. ಆಹಾರದಲ್ಲಿ ರಾಜಕೀಯ ಇದೆಯೇ ಅಂತ ಕೇಳಿದೆವು.

"ಅದೇನ್ರಿ, ರಾಜಕೀಯದಾಗ ಆಹಾರನೇ ಇರೋದು. ಪಲಾವ್ ಅಂದ್ರ ಸಭಾಕ್ಕ ಅರ್ಧ ಮಂದಿ. ಬಿರಿಯಾನಿ ಅಂದ್ರ ನಿಂದ್ರಾಕ ಜಾಗ ಇರಂಗಿಲ್ಲ."

"ಅಂದ್ರ ಬಿರಿಯಾನಿ ಹಾಕ್ಸಿದವರೇ ಗೆಲ್ತಾರೇನ್ರಿ?"

ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಪೂರ್ತಿ ಕುಡಿದು ಕೆಳಗಿಟ್ಟರು.

"ನಾನೂ ಹಂಗೇ ತಿಳಕೊಂಡಿದ್ದೆ ರೀ. ಈಗ ಮಾಜಿ ಮೆಂಬರ್ ಇದ್ದೀನಿ."

ಬ್ಯಾರೆ ಲೋಟ

ಐದನೇ ವಾರ ಮುಗಿಯುತ್ತ ಬಂದಿತ್ತು. ಯಾರ ಪಂಕ್ತಿಯಲ್ಲಿ ಯಾರು ಕೂರುತ್ತಾರೆ ಎಂಬುದಕ್ಕೆ ಒಬ್ಬರೂ ನೇರ ಉತ್ತರ ಕೊಟ್ಟಿರಲಿಲ್ಲ. ಕೇಳಿದಲ್ಲೆಲ್ಲ "ನಮ್ಮೂರಾಗ ಅಂಥಾದ್ದೇನಿಲ್ರಿ" ಅನ್ನುವ ಒಂದೇ ಮಾತು. ವಿದ್ಯಾರ್ಥಿನಿ ಸೋತು, "ನಿಮ್ಮ ಅತ್ತೆಯನ್ನು ಕೇಳಲಾ?" ಅಂದಳು. ಬೇಡ ಅನ್ನಲು ನೆಪ ಸಿಗಲಿಲ್ಲ.

ಅತ್ತೆಗೆ ಮುಚ್ಚುಮರೆ ಗೊತ್ತಿಲ್ಲ. ಬೆಳ್ಳುಳ್ಳಿ ಬಿಡಿಸುತ್ತಲೇ ಹೇಳಿದರು: "ನಮ್ಮವರು ಒಳಗ ಉಣ್ತೀವಿ, ಉಳಿದವರು ಹೊರಗ. ಹೊಲಕ್ಕ ದುಡಿಯಾಕ ಬರೋನಿಗೆ ಲೋಟ ಬ್ಯಾರೆ, ಗೂಡಿನಾಗ ಇಟ್ಟೀವಿ. ಈಕಿಗೂ ಮೊದಲನೇ ವಾರ ಅದ್ರಾಗೇ ಹಾಲಿಲ್ಲದ ಚಹಾ ಕೊಟ್ಟೀನಿ. ಯಾರೋ ಏನೋ, ಯಾರಿಗೊತ್ತು."

ಮಕ್ಕಳಿಗೆ ಸಮಾನತೆಯ ಪಾಠ ಮಾಡುವ ನನ್ನ ಮುಖ ಕಾದ ಹಂಚಾಯಿತು. ಆದರೂ ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದೆ: "ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಉಣ್ಣುತ್ತೇವೆ. ಅತಿಥಿಗಳಿಗೆಂದು ವಿಶೇಷ ಲೋಟ ಇಟ್ಟಿದ್ದೇವೆ."

ವಿದ್ಯಾರ್ಥಿನಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಕನ್ನಡದಲ್ಲಿ ಅಂದಳು: "ಅಕ್ಕಾ, ಅಮ್ಮ ಹಂಗ ಅಂದಿಲ್ರಿ."

ದಿನಾ ಬಸ್ಸಿನಲ್ಲಿ, ಓಣಿಯಲ್ಲಿ ಕೇಳಿ ಕೇಳಿ ಆಕೆ ಅಷ್ಟು ಕಲಿತಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

"ಎಲ್ಲಾ ತಿಳೀತದೇನು ಈಕಿಗೆ?" ಅಂದರು ಅತ್ತೆ. "ಮತ್ತ ನೀ ಯಾಕ ನಡುವ ಕುಂತೀದಿ? ಏಳು, ಒಲಿ ಮ್ಯಾಗ ಬ್ಯಾಳಿ ಅದ, ನೋಡು."

ನಾನು ಬೇಳೆ ನೋಡುತ್ತ ಕಿವಿ ಇತ್ತಲೇ ಇಟ್ಟೆ.

"ಅಮ್ಮ, ಎರಡನೇ ವಾರ ಲೋಟ ಯಾಕ ಬದಲಿ ಮಾಡಿದ್ರಿ?"

"ನಿನ್ನ ಲೋಟ ನೀನೇ ತೊಳದಿಡ್ತಿದ್ದಿ. ಛಲೋ ಹುಡಿಗಿ ಅನಿಸ್ತು. ನನ್ನ ಮಗ ಹುಟ್ಟಿದಾಗಿಂದ ಒಂದ ಲೋಟ ತೊಳದಿಲ್ಲ."

"ಹೊಲದ ಅಣ್ಣನೂ ತಾನೇ ತೊಳದಿಡ್ತಾನಲ್ರಿ ಅಮ್ಮ?"

ಅತ್ತೆಯ ಕೈಯಲ್ಲಿದ್ದ ಬೆಳ್ಳುಳ್ಳಿ ಅಲ್ಲೇ ನಿಂತಿತು. ನಾನು ಮದುವೆಯಾಗಿ ಬಂದಾಗಿನಿಂದ ಕೇಳಬೇಕಾಗಿದ್ದ ಪ್ರಶ್ನೆ ಅದು. ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಲದಾತ ಬಂದಾಗ ಅತ್ತೆ ನನ್ನ ಗಂಡನ ಲೋಟದಲ್ಲಿ ಅವನಿಗೆ ಚಹಾ ಕೊಟ್ಟರು. ಆತ ಲೋಟ ನೋಡಿದ, ಅತ್ತೆಯನ್ನು ನೋಡಿದ, ಕುಡಿದ. ಹತ್ತು ನಿಮಿಷಕ್ಕೆ ನನ್ನ ಗಂಡ ಎದ್ದು ಬಂದರು. ಅವರ ಮುಂದೆ ಗೂಡಿನ ಲೋಟ ಬಂತು.

"ಯವ್ವಾ, ಇದು ಬ್ಯಾರೆ ಇಟ್ಟಿದ್ದ ಲೋಟ ಅಲ್ಲೇನು?"

"ಹೌದಪ, ಬ್ಯಾರೆನೇ," ಅಂದರು ಅತ್ತೆ. "ಇನ್ನ ಮ್ಯಾಲ ಲೋಟ ತೊಳೀಲಾರದವರಿಗೆ ಅದು."